ಸೇತುವೆಯ ಈಚೆ ನಿಂತ ಬಸ್ಸು

ಬಸ್ ನೌಕರರ ಮುಷ್ಕರ ಶುರುವಾಗಿ ಹತ್ತೊಂಬತ್ತು ದಿನವಾದರೂ ಆ ಮನೆಯಲ್ಲಿ ಒಂದು ದಿನವೂ ಜೋರು ಮಾತು ಎದ್ದಿರಲಿಲ್ಲ. ಬಸ್ ಡ್ರೈವರಾದ ಮಗನ ಸಂಬಳ ನಿಂತಿತ್ತು, ನಿಜ. ಆದರೆ ತಾತನ ಪಿಂಚಣಿ ಬರುತ್ತಿತ್ತು. ಸೊಸೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುತ್ತಿದ್ದಳು. ಅಜ್ಜಿ ನಾಲ್ಕು ಲೋಟದ ಚಹಾವನ್ನು ಆರು ಲೋಟ ಮಾಡುವುದನ್ನು ಕಲಿತಿದ್ದಳು. ಬೆಳಿಗ್ಗೆ ಅನ್ನ ಬೇಳೆಯಾದರೆ ಸಂಜೆ ಬೇಳೆ ಅನ್ನ. ಹನ್ನೊಂದು ವರ್ಷದ ಮೊಮ್ಮಗಳನ್ನು ಮಾತಿನಮಲ್ಲಿಯೆಂದು ಎಲ್ಲರೂ ಗಿಣಿ ಎಂದೇ ಕರೆಯುತ್ತಿದ್ದರು. ಸಂಜೆಯ ತಟ್ಟೆ ನೋಡಿದಾಗಲೆಲ್ಲ ಅವಳು, ಇವತ್ತು ಅಡುಗೆ ಬದಲಾಗಿದೆ, ಬೇಳೆ ಮೊದಲು ಬಂದಿದೆ ಎಂದು ನಗಿಸುತ್ತಿದ್ದಳು.

ತಾತ ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಬೀದಿಯವರ ಬಾಯಲ್ಲಿ ಅವರ ಹೆಸರು ಕಾನ್ವಾಯ್ ತಾತ. ಸಾಲಾಗಿ ಹೋಗುವ ಮಿಲಿಟರಿ ಲಾರಿಗಳ ಶಿಸ್ತು ಅವರ ಮೈಗಂಟಿ ಹೋಗಿತ್ತು. ಮಾರುಕಟ್ಟೆಗೆ ಹೊರಟರೂ ಅಜ್ಜಿ ಹತ್ತು ಹೆಜ್ಜೆ ಹಿಂದೆ, ಗಿಣಿ ಅಜ್ಜಿಗಿಂತ ಹತ್ತು ಹೆಜ್ಜೆ ಹಿಂದೆ ಬರಬೇಕು. ಮುಷ್ಕರದ ವಿಷಯದಲ್ಲಿ ಅವರು ಪೂರ್ತಿ ಮಗನ ಕಡೆಗಿದ್ದರು. ಹದಿನಾಲ್ಕು ತಾಸು ಸ್ಟೀರಿಂಗು ಹಿಡಿದವನ ಕಣ್ಣು ಕಣ್ಣಲ್ಲ, ಗಾಜಿನ ಗೋಲಿ ಎಂದು ಎದುರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ದಿನಾ ಹತ್ತು ಗಂಟೆಗೆ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಡಿಪೋದ ಮುಂದೆ ಮುಷ್ಕರದವರು ಹಾಕಿದ್ದ ಡೇರೆಗೆ ಹೋಗಿ, ಮಗನಿಗೂ ಅವನ ಜೊತೆಯವರಿಗೂ ತಾವೇ ಬಗ್ಗಿಸಿ ಕೊಡುತ್ತಿದ್ದರು. ಗೆಲ್ಲುವವರೆಗೂ ಗಡ್ಡ ತೆಗೆಯುವುದಿಲ್ಲವೆಂದು ಅವರೆಲ್ಲ ಮಾತಾಡಿಕೊಂಡಿದ್ದರು. ತಾತ ಮಾತ್ರ ದಿನಾ ಬೆಳಿಗ್ಗೆ ಕೆನ್ನೆ ನುಣ್ಣಗೆ ಮಾಡಿಕೊಂಡು ಹೋಗಿ, ನಿಮ್ಮ ನಡುವೆ ನಾನೊಬ್ಬನೇ ಹುಡುಗ ಎಂದು ತಮಾಷೆ ಮಾಡುತ್ತಿದ್ದರು.

ಇಪ್ಪತ್ತನೆಯ ದಿನ ಬಸ್ ಓಡಿಸಲು ಸರ್ಕಾರ ಸೈನಿಕರನ್ನು ಕರೆಸಿತು.

ಅಂದು ಫ್ಲಾಸ್ಕು ಖಾಲಿ ಮಾಡಿ ಹೊರಟ ತಾತನ ಕಣ್ಣಿಗೆ ಡಿಪೋದ ಹಿಂದಿನ ಗೇಟಿನಲ್ಲಿ ನಿಂತಿದ್ದ ಇಬ್ಬರು ಹುಡುಗರ ತೋಳಿನ ಮೇಲಿನ ಬಿಲ್ಲೆ ಬಿತ್ತು. ಗಾಲಿಗೆ ರೆಕ್ಕೆ ಮೂಡಿದ ಬಿಲ್ಲೆ. ತಾತನದೇ ಹಳೆಯ ದಳದ್ದು. ಕಾಲು ತಾನಾಗಿ ಆ ಕಡೆ ತಿರುಗಿತು. ಒಬ್ಬ ಎತ್ತರ, ತೆಳ್ಳಗೆ. ಇನ್ನೊಬ್ಬ ಗಿಡ್ಡ, ದುಂಡಗೆ. ಇಬ್ಬರಿಗೂ ಇಪ್ಪತ್ಮೂರು ದಾಟಿರಲಿಕ್ಕಿಲ್ಲ. ತಾತ ತಮ್ಮ ದಳದ ನಂಬರು ಹೇಳಿದ ಕೂಡಲೇ ಇಬ್ಬರೂ ನೆಟ್ಟಗೆ ನಿಂತರು. ಗ್ಯಾರೇಜಿನ ಹಿಂದಿನ ನೀರಿನ ಟ್ಯಾಂಕು ಇನ್ನೂ ಸೋರುತ್ತದೆಯೇ ಎಂದು ತಾತ ಕೇಳಿದರು. ಸೋರುತ್ತದೆ ಗುರುಗಳೇ, ಈಗ ಎರಡು ಕಡೆ ಎಂದ ಎತ್ತರದವನು. ಅವನ ಅಪ್ಪ ಕ್ಷೌರಿಕರಂತೆ. ಹಾಗಾಗಿ ಬ್ಯಾರಕ್ಕಿನಲ್ಲಿ ಎಲ್ಲರ ತಲೆಯೂ ಇವನ ಕೈಗೇ ಬರುತ್ತದೆಂದು ಗಿಡ್ಡ ಹುಡುಗ ಹೇಳಿದ. ಬಸ್ಸನ್ನು ಇಬ್ಬರೂ ಓಡಿಸಿದವರಲ್ಲ, ಲಾರಿ ಮಾತ್ರ. ತಾತ ಅರ್ಧ ಗಂಟೆ ನಿಂತು ಹೇಳಿಕೊಟ್ಟರು. ಹಿಂದೆ ಕೂತಿರುವುದು ಮೂಟೆಯಲ್ಲ, ಬ್ರೇಕಿನ ಮೇಲೆ ಕಾಲು ಮೆತ್ತಗಿರಲಿ, ಸೇತುವೆಯ ಮುಂದಿನ ಇಳಿಜಾರಿನಲ್ಲಿ ಮೊದಲೇ ಗೇರು ಇಳಿಸಿ ಎಂದರು.

ಸುದ್ದಿ ತಾತನಿಗಿಂತ ಮೊದಲೇ ಮನೆ ಸೇರಿತ್ತು. ಸಂಜೆ ಊಟಕ್ಕೆ ಕೂತಾಗ ಮಗ ತಟ್ಟೆ ಮುಟ್ಟಲಿಲ್ಲ.

"ಈ ಕಡೆ ನಮಗೆ ಚಹಾ ಕೊಟ್ಟು, ಆ ಕಡೆ ಗೇಟಲ್ಲಿ ಅವ್ರಿಗೆ ಪಾಠ ಹೇಳ್ಕೊಟ್ಟು ಬಂದ್ರಂತೆ."

"ಬಸ್ಸಲ್ಲಿ ಜನ ಕೂತಿರ್ತಾರೆ. ಗೊತ್ತಿಲ್ದೋರಿಗೆ ಹೇಳ್ಬೇಕಾಗುತ್ತೆ."

"ಅವ್ರು ಓಡಿಸೋ ಒಂದೊಂದು ಬಸ್ಸೂ ನಮ್ಮ ಹೊಟ್ಟೆ ಮೇಲೆ ಹೋಗುತ್ತೆ ಅಪ್ಪ."

"ಅವ್ರನ್ನ ಕೇಳಿ ಕಳಿಸಿದಾರೇನೋ? ಹೋಗಿ ಅಂದ್ರು, ಬಂದ್ರು. ಬರಲ್ಲ ಅನ್ನೋಕೆ ಅವ್ರಿಗೆ ಸಂಘ ಇದ್ಯಾ, ಡೇರೆ ಇದ್ಯಾ?"

ನಿಮಗೆ ಮಗನಿಗಿಂತ ಬಿಲ್ಲೆ ಹೆಚ್ಚು ಎಂದು ಮಗ ಎದ್ದ. ಅಜ್ಜಿ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿ, ಅನ್ನ ಆರ್ತಾ ಇದೆ, ಇಬ್ಬರ ಮಾತೂ ಬಿಸಿಯಾಗಿದೆ, ಅದನ್ನೇ ಕಲಸ್ಕೊಂಡು ತಿನ್ನಿ ಎಂದಳು. ಯಾರೂ ನಗಲಿಲ್ಲ. ಮರುದಿನ ಫ್ಲಾಸ್ಕನ್ನು ಮಗನೇ ತುಂಬಿಕೊಂಡು ಹೋದ. ತಾತ ಮತ್ತೆ ಡೇರೆಯ ಕಡೆ ಹೋಗಲಿಲ್ಲ.

ಇಪ್ಪತ್ತಾರನೆಯ ದಿನ ಸೊಸೆ ಕೆಲಸದಿಂದ ಬಂದವಳು ಒಳಗೆ ಬರದೆ ಹೊಸಿಲ ಮೇಲೆ ಕೂತುಬಿಟ್ಟಳು. ಚಪ್ಪಲಿ ಬಿಚ್ಚಲಿಲ್ಲ. ಅಜ್ಜಿ ನೀರು ಕೊಟ್ಟರೆ ಲೋಟ ಹಿಡಿದುಕೊಂಡೇ ಇದ್ದಳು. ಆಮೇಲೆ ನಿಧಾನವಾಗಿ ಹೇಳಿದಳು. ಸೇತುವೆಯ ಈಚೆ ರಸ್ತೆಯ ಪಕ್ಕದಲ್ಲಿ ಚರಂಡಿ ಕೆಲಸಕ್ಕೆಂದು ಸಿಮೆಂಟಿನ ಪೈಪು ಇಟ್ಟಿದ್ದಾರಲ್ಲ, ಅವನ್ನು ಯಾರೋ ರಸ್ತೆಗೆ ಅಡ್ಡ ಉರುಳಿಸಿದ್ದಾರೆ. ಬಸ್ಸು ನಿಂತಿದೆ. ಕಲ್ಲು ಬಿದ್ದಿವೆ. ಜನ ಇಳಿದು ಓಡಿದ್ದಾರೆ. ಓಡಿಸುತ್ತಿದ್ದ ಸೈನಿಕನನ್ನೂ ಜೊತೆಗಿದ್ದವನನ್ನೂ ಕೆಳಗೆಳೆದು ಹೊಡೆದಿದ್ದಾರೆ. ಮಧ್ಯಾಹ್ನ ಲಾಂಡ್ರಿಗೆ ಬಂದ ಗಂಟಿನಲ್ಲಿ ಎರಡು ಜೊತೆ ಸಮವಸ್ತ್ರಗಳಿದ್ದವು. ಕತ್ತರಿಯಲ್ಲಿ ಕಾಲರಿನಿಂದ ಅಂಚಿನ ತನಕ ಸೀಳಿದ್ದರು. ತೋಳಿನ ಬಿಲ್ಲೆ ನೋಡಿ ಅವಳು ಅವನ್ನು ಮಷೀನಿಗೆ ಹಾಕಲಾರದೆ ಕೈಯಲ್ಲೇ ಹಿಡಿದು ನಿಂತಿದ್ದಳಂತೆ.

ತಾತ ಕೇಳಿದರು: "ಇಬ್ರೂನಾ?"

"ಒಬ್ರು ಮೇಲೆ ವಾರ್ಡಲ್ಲಿ ಇದಾರೆ ಮಾವ. ದವಡೆ ಮುರಿದಿದೆ, ಬದುಕ್ತಾರೆ. ಇನ್ನೊಬ್ರು ಉಳೀಲಿಲ್ಲ."

"ಎತ್ತರದವನೋ, ಗಿಡ್ಡನೋ?"

ಸೊಸೆ ಲೋಟ ಕೆಳಗಿಟ್ಟಳು. "ಒಂದು ಪ್ಯಾಂಟು ಉದ್ದ ಇತ್ತು. ರಕ್ತ ಜಾಸ್ತಿ ಆಗಿದ್ದು ಅದೇ."

ತಾತ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. ಗುಂಡಿ ಒಂದಕ್ಕೊಂದು ಹೊಂದಿರಲಿಲ್ಲ. ಕೋಣೆಯಲ್ಲಿ ಮಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಲೆ ಸಿಡಿಯುತ್ತಿದೆಯೆಂದು ಮಧ್ಯಾಹ್ನವೇ ಬಂದಿದ್ದನಂತೆ. ಅವನನ್ನು ಯಾರೂ ಏನೂ ಕೇಳಲಿಲ್ಲ.

ಆ ವಾರ ತಾತ ನಡೆದುಕೊಂಡ ರೀತಿಯನ್ನು ಅಜ್ಜಿ ಮೂವತ್ತೆಂಟು ವರ್ಷದ ಸಂಸಾರದಲ್ಲಿ ಕಂಡಿರಲಿಲ್ಲ. ಶವಾಗಾರದ ಬಾಗಿಲಲ್ಲಿ ಹೋಗಿ ನಿಲ್ಲುವರು, ಬರುವರು. ತಟ್ಟೆಯ ಮುಂದೆ ಕೂರುವರು, ಏಳುವರು. ಸೈನ್ಯ ಬಿಟ್ಟ ಮೇಲೂ ಒಂದು ದಿನ ತಪ್ಪಿಸದಿದ್ದ ಕ್ಷೌರವನ್ನೂ ಬಿಟ್ಟರು. ಹಿಂದೆ ಬೆಟ್ಟದ ದಾರಿಯಲ್ಲಿ ಹಿಮ ಕುಸಿದು ಮೂವರು ಜೊತೆಗಾರರು ಹೋದಾಗಲೂ ಅವರು ಅತ್ತಿದ್ದರು. ಆದರೆ ಮರುದಿನ ಲಾರಿ ಹತ್ತಿದ್ದರು. ಅದನ್ನು ನೆನಪಿಸಿ ಅಜ್ಜಿ ಸಮಾಧಾನ ಹೇಳಲು ನೋಡಿದಳು.

"ಅಲ್ಲಿ ಯಾರು ಕೊಂದ್ರು ಅಂದ್ರೆ ಬೆಟ್ಟ ತೋರಿಸ್ತಿದ್ವಿ ಕಣೆ, ಗಡಿ ತೋರಿಸ್ತಿದ್ವಿ," ಎಂದರು ತಾತ. "ಇಲ್ಲಿ ಯಾರನ್ನ ತೋರಿಸ್ಲಿ? ಹಾಲು ತರೋಕೆ ಹೋದಾಗ ಅವನ ಪಕ್ಕದಲ್ಲೇ ನಿಂತು ಬರ್ತಿದೀನೋ ಏನೋ."

ಗಿಡ್ಡ ಹುಡುಗನ ದವಡೆಗೆ ತಂತಿ ಬಿಗಿದಿದ್ದರು. ಬಾಯಿ ತೆರೆಯುವಂತಿಲ್ಲ, ಮಾತಾಡುವಂತಿಲ್ಲ. ಅವನ ಊರು ಮೂರು ದಿನದ ದಾರಿ. ತಾಯಿ ಹಾಸಿಗೆ ಹಿಡಿದಿದ್ದಳು, ಬರುವವರು ಯಾರೂ ಇರಲಿಲ್ಲ. ಅಜ್ಜಿ ಎರಡು ಹೊತ್ತು ಗಂಜಿ ಬೇಯಿಸಿ ತೆಳುವಾದ ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದಳು. ತಾತ ತೆಗೆದುಕೊಂಡು ಹೋಗಿ ಕೊಳವೆಯಲ್ಲಿ ಕುಡಿಸುತ್ತಿದ್ದರು. ಹುಡುಗ ತನಗೆ ಬೇಕಾದ್ದನ್ನು ಸಣ್ಣ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು ತೋರಿಸುತ್ತಿದ್ದ. ಮೊದಲ ದಿನ ಬರೆದದ್ದು ಎತ್ತರದವನ ಬಗ್ಗೆ. ತಾತ ಓದಿ, ಪುಸ್ತಕ ಹಿಂದಕ್ಕೆ ಕೊಟ್ಟು, ತಲೆ ಅಡ್ಡಡ್ಡ ಆಡಿಸಿದರು. ಹುಡುಗನ ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರದ ಪಟ್ಟಿಯೊಳಗೆ ಇಂಗಿತು. ಅಳಲು ಬಾಯಿ ಬೇಕೆಂದು ತಾತನಿಗೆ ಅಂದು ಗೊತ್ತಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಎತ್ತರದವನ ಅಪ್ಪ ಬಂದರು. ಕುಳ್ಳಗಿನ ಮನುಷ್ಯ, ಇಸ್ತ್ರಿಯಾದ ಅಂಗಿ, ಕೈಯಲ್ಲಿ ತಗಡಿನ ಪುಟ್ಟ ಪೆಟ್ಟಿಗೆ. ಜೊತೆಗೆ ಬಂದ ಸೇನೆಯ ಅಧಿಕಾರಿ ಕಾಗದಗಳಿಗೆ ಸಹಿ ಹಾಕಿಸಿ, ನಾಲ್ಕು ಗಂಟೆಗೆ ಗಾಡಿ ಹೊರಡುತ್ತದೆಂದು ಹೇಳಿದರು. ಸತ್ತ ಮಗನ ಮುಖ ನೋಡಿದ ಕ್ಷೌರಿಕರು ಕೇಳಿದ್ದು ಒಂದೇ, ಸ್ವಲ್ಪ ಬಿಸಿನೀರು. ಶವಾಗಾರದವನು ಹಾಗೆಲ್ಲ ನಿಯಮವಿಲ್ಲ ಎಂದ. ತಾತ ಲಾಂಡ್ರಿಗೆ ಹೋಗಿ ಸೊಸೆಯ ಕೈಯಿಂದ ಒಂದು ಬಟ್ಟಲು ನೀರು ತಂದರು. ಶವಾಗಾರದವನು ಬೇರೆ ಕಡೆ ತಿರುಗಿ ನಿಂತ.

ತಾತ ಬಟ್ಟಲು ಹಿಡಿದರು. ಕ್ಷೌರಿಕರು ಪೆಟ್ಟಿಗೆ ತೆರೆದು, ಸೋಪು ಹಚ್ಚಿ, ಕತ್ತಿ ಇಳಿಸಿದರು. ಗಾಯವಿದ್ದಲ್ಲಿ ಕತ್ತಿ ಎತ್ತಿ, ದಾಟಿ, ಮತ್ತೆ ಇಳಿಸುತ್ತಿದ್ದರು.

"ಮೊದಲ್ನೇ ಸಲ ಮೀಸೆ ಬಂದಾಗ ನಾನೇ ತೆಗೆದಿದ್ದು," ಎಂದರು. "ಕೆನ್ನೆ ಉಬ್ಬಿಸ್ಕೋ ಅಂದ್ರೆ ನಗು ತಡೀಲಾರದೆ ಬುಸ್ಸಂತ ಗಾಳಿ ಬಿಡ್ತಿದ್ದ."

ಈಗ ಆ ಕೆನ್ನೆಯನ್ನು ಅವರೇ ಬೆರಳಿನಿಂದ ಎಳೆದು ಹಿಡಿಯಬೇಕಾಗಿತ್ತು. ಬಟ್ಟಲಿನ ನೀರು ಅಲುಗಾಡದಂತೆ ತಾತ ಎರಡೂ ಕೈಯಲ್ಲಿ ಹಿಡಿದು ನಿಂತರು.

ಗಾಡಿಗೆ ಇನ್ನೂ ಹೊತ್ತಿತ್ತು. ಎರಡು ದಿನದಿಂದ ಏನೂ ತಿಂದಿಲ್ಲವೆಂದು ತಿಳಿದು ತಾತ ಅವರನ್ನು ಮನೆಗೆ ಕರೆದುಕೊಂಡು ಬಂದರು. ಸೊಸೆಯೂ ಅರ್ಧ ದಿನದ ರಜೆ ಹಾಕಿ ಬಂದಳು. ಅಜ್ಜಿ ಅನ್ನಕ್ಕೆ ಬೇಳೆಯ ಜೊತೆ ಆಲೂಗಡ್ಡೆ ಹುರಿದು, ಮೊಟ್ಟೆ ಬೇಯಿಸಿದಳು. ಹೊರಗಿನವರು ಬಂದಿದ್ದಾರೆ, ಜೊತೆಯಲ್ಲಿ ಕೂರು ಎಂದು ಮಗನನ್ನು ಎರಡು ಸಲ ಕರೆದಳು. ಅವನು ಬಂದು ತಲೆ ತಗ್ಗಿಸಿ ಕೂತ. ಕ್ಷೌರಿಕರು ಹಸಿದ ಮನುಷ್ಯನಂತೆ ಉಂಡರು. ಉಣ್ಣುತ್ತಿರುವುದಕ್ಕೆ ಅವರಿಗೇ ನಾಚಿಕೆಯಾದಂತಿತ್ತು. ನಡುವೆ ಮಗನನ್ನು, ಏನು ಕೆಲಸ ಮಾಡುತ್ತೀರಿ ಎಂದು ವಿಚಾರಿಸಿದರು. ಡ್ರೈವರು ಎಂದ. ಓ, ನಮ್ಮವನದೂ ಅದೇ ಕೆಲಸ ಎಂದರು. ಮಗ ಕಲಸಿದ ಅನ್ನವನ್ನು ಮತ್ತೆ ಮತ್ತೆ ಕಲಸಿದ.

ಕೈ ತೊಳೆದ ಮೇಲೆ ಅವರಿಗೆ ಸುಮ್ಮನೆ ಕೂರಲಾಗಲಿಲ್ಲ. ಬೆರಳು ನಡುಗುತ್ತಿದ್ದವು. ತಾತನ ಮುಖ ನೋಡಿ, ನಿಮ್ಮದು ಬೆಳೆದಿದೆ, ಬನ್ನಿ ಎಂದರು. ಬೇಡವೆಂದರೂ ಬಿಡಲಿಲ್ಲ. ಕೈಗೆ ಕೆಲಸವಿದ್ದರೆ ನಡುಕ ನಿಲ್ಲುತ್ತದೆ ಎಂದರು. ಹಿತ್ತಲಿನ ನೀರಿನ ತೊಟ್ಟಿಯ ಪಕ್ಕ ಸ್ಟೂಲು ಹಾಕಿ ತಾತನ ನಾಲ್ಕು ದಿನದ ಗಡ್ಡ ತೆಗೆದರು. ನಡುಕ ನಿಜವಾಗಿಯೂ ನಿಂತಿತ್ತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಗನನ್ನು ಕರೆದರು. ಅಪ್ಪ ಮುಷ್ಕರ ಮುಗಿಯೋವರೆಗೂ ತೆಗೆಯಲ್ಲ ಎಂದು ಗಿಣಿ ನಡುವೆ ಬಾಯಿ ಹಾಕಿದಳು. ಅಜ್ಜಿ, ದೊಡ್ಡವರು ಕರೀತಿದಾರೆ, ಹೋಗೋ ಎಂದಳು. ಮಗ ಬಂದು ಸ್ಟೂಲಿನ ಮೇಲೆ ಕೂತ.

ಕ್ಷೌರಿಕರು ಅವನ ಎರಡೂ ಕೆನ್ನೆಗೆ ನೊರೆ ಹಚ್ಚಿದರು. ಗಲ್ಲದ ಕೆಳಗೆ ಬೆರಳಿಟ್ಟು ಮುಖ ಮೇಲೆತ್ತಿದರು. ಒಂದು ಕಡೆ ಕಿವಿಯಿಂದ ದವಡೆಯ ತನಕ ಕತ್ತಿ ಇಳಿಯಿತು. ಆಗ ಮಗ ಅವರ ಮಣಿಕಟ್ಟು ಹಿಡಿದುಕೊಂಡ.

"ನನ್ನ ಮುಟ್ಟಬೇಡಿ," ಎಂದ. "ಆ ಪೈಪು ಉರುಳಿಸಿದೋರಲ್ಲಿ ನಾನೂ ಒಬ್ಬ."

ಅಜ್ಜಿಯ ಕೈಯಲ್ಲಿದ್ದ ಟವೆಲು ಹಾಗೇ ಉಳಿಯಿತು. ತಾತ ತೊಟ್ಟಿಯ ಅಂಚು ಹಿಡಿದರು. ಕ್ಷೌರಿಕರು ಕತ್ತಿಯನ್ನು ಅವನ ಮುಖದಿಂದ ದೂರ ತೆಗೆದರು. ಆಮೇಲೆ ಕೇಳಿದರು:

"ಕಲ್ಲು?"

"ಹೊಡೀಲಿಲ್ಲ."

"ತಡೆದ್ರಾ?"

"ಇಲ್ಲ. ಫುಟ್‌ಪಾತಲ್ಲಿ ನಿಂತಿದ್ದೆ."

"ಏನಾದ್ರೂ ಅಂದ್ನಾ ಅವನು?"

ಮಗ ಕೆನ್ನೆಯ ನೊರೆಯನ್ನು ಅಂಗೈಯಿಂದ ಒರೆಸಿಕೊಂಡ. "'ನಾನೂ ಡ್ರೈವರೇ ಅಣ್ಣಾ' ಅಂದ. ನನ್ನ ಕಡೆ ನೋಡ್ಕೊಂಡೇ ಅಂದ."

ಕ್ಷೌರಿಕರು ಕತ್ತಿ ಒರೆಸಿ ಮಡಿಸಿದರು. ಬ್ರಶ್ಶನ್ನು ತೊಟ್ಟಿಯ ನೀರಿನಲ್ಲಿ ಅದ್ದಿ, ಕೊಡವಿ, ಪೆಟ್ಟಿಗೆಯೊಳಗೆ ಅದರ ಜಾಗದಲ್ಲಿಟ್ಟರು. ಅಜ್ಜಿಯ ಮುಂದೆ ಒಂದು ಕ್ಷಣ ನಿಂತರು.

"ನಿಮ್ಮ ಅನ್ನ ಉಂಡ್ಬಿಟ್ಟೆ ತಾಯಿ. ಗೊತ್ತಿರ್ಲಿಲ್ಲ."

ಅಷ್ಟು ಹೇಳಿ ಹೊರಟರು. ತಾತ ಹಿಂದೆಯೇ ನಡೆದರು. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಗಾಡಿ ಸಿದ್ಧವಾಗಿತ್ತು. ಶವದ ಪೆಟ್ಟಿಗೆ ಎತ್ತಲು ಐವರು ಸೈನಿಕರಿದ್ದರು, ಒಬ್ಬರ ಜಾಗ ಖಾಲಿಯಿತ್ತು. ಅಧಿಕಾರಿ ತಾತನನ್ನು ಕಂಡು, ಬನ್ನಿ, ನೀವೂ ನಮ್ಮವರೇ ಎಂದು ಜಾಗ ತೋರಿಸಿದರು. ತಾತ ಬಗ್ಗಿ ಹಿಡಿಗೆ ಕೈ ಹಾಕಿದರು.

"ಅವರು ಬೇಡ," ಎಂದರು ಕ್ಷೌರಿಕರು. ಸಿಟ್ಟಿನಿಂದ ಹೇಳಲಿಲ್ಲ. ಬಹಳ ದಣಿದವರು ಹೇಳುವಂತೆ ಹೇಳಿದರು.

ತಾತ ಕೈ ತೆಗೆದು ಗೋಡೆಯ ಕಡೆ ಸರಿದು ನಿಂತರು. ಆರನೆಯ ಜಾಗದಲ್ಲಿ ಹುಡುಗನ ಅಪ್ಪನೇ ಹೆಗಲು ಕೊಟ್ಟರು. ಗಾಡಿ ಹೋದ ಮೇಲೂ ತಾತ ಅಲ್ಲಿಯೇ ಇದ್ದರು. ಶವಾಗಾರದವನು ಬಂದು, ಬಾಗಿಲು ಹಾಕುತ್ತೇನೆ ಅಜ್ಜ ಎಂದಾಗ ಮನೆಗೆ ಹೊರಟರು.

ಅಂದಿನಿಂದ ಅಪ್ಪ ಮಗನ ನಡುವೆ ಮಾತು ನಿಂತಿತು. ಒಂದು ಕೆನ್ನೆಯ ಮೇಲೆ ಪಟ್ಟೆಯಾಗಿದ್ದ ಗಡ್ಡವನ್ನು ಮಗ ಅಂದೇ ಪೂರ್ತಿ ತೆಗೆದುಬಿಟ್ಟಿದ್ದ. ಡೇರೆಗೆ ಹೋಗುವುದನ್ನೂ ಬಿಟ್ಟ. ಮನೆಯ ಕೆಲಸವೆಲ್ಲ ಅವನದಾಯಿತು. ನೀರು ತುಂಬುತ್ತಿದ್ದ, ಪಾತ್ರೆ ತೊಳೆಯುತ್ತಿದ್ದ, ಯಾರೂ ಹೇಳದಿದ್ದರೂ ಛಾವಣಿ ಏರಿ ಹಂಚು ಸರಿಮಾಡಿದ. ತಾತ ಅವನು ತುಂಬಿಟ್ಟ ನೀರನ್ನು ಕುಡಿಯುತ್ತಿರಲಿಲ್ಲ. ಬೀದಿಯ ನಲ್ಲಿಗೆ ಹೋಗಿ ಬರುತ್ತಿದ್ದರು. ಅವನು ಊಟಕ್ಕೆ ಕೂತರೆ ಇವರು ಏಳುತ್ತಿದ್ದರು. ಗಿಣಿ ಎರಡು ದಿನ ನೋಡಿ, ಈ ಮನೆಯಲ್ಲಿ ಊಟಕ್ಕೂ ಎರಡು ಶಿಫ್ಟಾ ಎಂದು ಕೇಳಿದಳು. ಸೊಸೆ ಅವಳ ಬೆನ್ನಿಗೊಂದು ಕೊಟ್ಟು, ಆಮೇಲೆ ತಾನೇ ಅತ್ತಳು.

ಅಜ್ಜಿ ಒಂದು ದಿನ ಗಂಜಿ ಸೋಸುತ್ತ ಗಂಡನನ್ನು ತಡೆದು ನಿಲ್ಲಿಸಿದಳು.

"ಅವನೇನು ಕೈಯಾರೆ ಕೊಂದ್ನಾ? ನೀವೇ ಹೇಳಿ."

"ನಾನು ಏನೂ ಹೇಳಿಲ್ಲ."

"ಅದೇ. ಬೈದಿದ್ರೆ ಅತ್ತು ಹಗುರಾಗ್ತಿದ್ದ. ನೀವು ಅವನನ್ನ ನೋಡಿದ್ರೂ ಗೋಡೆ ನೋಡ್ದಂಗೆ ನೋಡ್ತೀರಿ. ಪೊಲೀಸರಿಗೆ ಹಿಡಿದುಕೊಡೋ ಯೋಚನೆ ಇದ್ರೆ ಮೊದಲು ನನಗೆ ಹೇಳಿ."

"ನಾನು ಹಿಡಿದುಕೊಡಲ್ಲ," ಎಂದರು ತಾತ. "ಬಚ್ಚಿಡೋದೂ ಇಲ್ಲ. ಅವನಿಗೆ ಕಾಲಿವೆ."

ಹೆತ್ತವಳು ನಾನು, ನಿಮಗೇನು ಗೊತ್ತು ಎಂದಳು ಅಜ್ಜಿ. ಅಲ್ಲೂ ಒಬ್ಬಳು ಹೆತ್ತಿದ್ದಾಳೆ ಎಂದರು ತಾತ. ಅಜ್ಜಿ ಗಂಜಿಯ ಪಾತ್ರೆಯನ್ನು ಅವರ ಕೈಗೆ ಕೊಡದೆ ನೆಲದ ಮೇಲಿಟ್ಟು ಒಳಗೆ ಹೋದಳು.

ಅಷ್ಟರಲ್ಲಿ ಪೊಲೀಸರು ಎಂಟು ಮಂದಿಯನ್ನು ಹಿಡಿದಿದ್ದರು. ಅವರಲ್ಲಿ ಸೇತುವೆಯ ಹತ್ತಿರದ ಪಂಕ್ಚರು ಅಂಗಡಿಯವನೂ ಒಬ್ಬ. ಗಲಾಟೆಯಾದಾಗ ಅವನು ಅಂಗಡಿಯ ಬಾಗಿಲು ಎಳೆದುಕೊಂಡು ಒಳಗಿದ್ದ. ಪೈಪು ಉರುಳಿಸಲು ಬಳಸಿದ ಕಬ್ಬಿಣದ ಸಲಾಕೆ ಅವನದೆಂದು ಹಿಡಿದಿದ್ದರು. ಅದನ್ನು ಕೇಳದೆ ಎತ್ತಿಕೊಂಡು ಬಂದವರಾರೆಂದು ಮಗನಿಗೆ ಗೊತ್ತಿತ್ತು. ಸಂಘದ ಕಾರ್ಯದರ್ಶಿ ಮನೆಗೇ ಬಂದು, ಈಗ ಮಾತುಕತೆ ನಡೆಯುತ್ತಿದೆ, ಯಾರೂ ಬಾಯಿ ಬಿಡಬಾರದು ಎಂದು ಹೇಳಿ ಹೋಗಿದ್ದ. ಮಗ ಅವನನ್ನು ಬಾಗಿಲ ತನಕ ಕಳಿಸಿ, ಮತ್ತೆ ಪಾತ್ರೆ ತೊಳೆಯಲು ಕೂತ.

ಮುಷ್ಕರ ಮುಗಿಯಿತು. ದಿನದ ದುಡಿಮೆ ಹದಿನಾಲ್ಕು ತಾಸಿನಿಂದ ಹನ್ನೊಂದಕ್ಕೆ ಇಳಿಯಿತು. ಡೇರೆಯಲ್ಲಿ ಸಿಹಿ ಹಂಚಿದರು. ಜೊತೆಯವನೊಬ್ಬ ಮನೆಗೂ ಒಂದು ಪೊಟ್ಟಣ ತಂದುಕೊಟ್ಟ. ಅದು ಅಡುಗೆಮನೆಯ ಕಟ್ಟೆಯ ಮೇಲೆ ಇರುವೆ ಮುತ್ತುವವರೆಗೂ ಬಿದ್ದಿತ್ತು. ಸೋಮವಾರದಿಂದ ಎಲ್ಲರೂ ಕೆಲಸಕ್ಕೆ ಬರಬೇಕೆಂದು ಆದೇಶವಾಯಿತು. ಭಾನುವಾರ ಸಂಜೆ ಸೊಸೆ ಗಂಡನ ಸಮವಸ್ತ್ರಕ್ಕೆ ಇಸ್ತ್ರಿ ಹಾಕಲು ಕೂತಳು. ಒಂದು ತೋಳು ಮುಗಿಸಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು.

"ಪಂಕ್ಚರು ಅಂಗಡಿಯವನ ಹೆಂಡ್ತಿ ನಿನ್ನೆ ನಮ್ಮ ಲಾಂಡ್ರಿಗೆ ಕೆಲಸ ಕೇಳ್ಕೊಂಡು ಬಂದಿದ್ಲು," ಎಂದಳು. ದನಿ ಏರಿಸಲಿಲ್ಲ. "ಎರಡು ಮಕ್ಕಳನ್ನ ಕಟ್ಕೊಂಡು ಬಾಗಿಲಲ್ಲೇ ನಿಂತಿದ್ಲು. ನಾನು ಅವಳ ಮುಖ ನೋಡ್ಲಿಲ್ಲ. ನಾಳೆಯಿಂದ ಅವಳು ನನ್ನ ಪಕ್ಕದ ಮಷೀನಲ್ಲಿರ್ತಾಳೆ. ಎಷ್ಟು ವರ್ಷ ನೋಡ್ದೇ ಇರ್ಲಿ, ಹೇಳು."

ಸೋಮವಾರ ಬೆಳಿಗ್ಗೆ ಮಗ ಸಮವಸ್ತ್ರ ತೊಡಲಿಲ್ಲ. ಮಾಮೂಲಿ ಅಂಗಿ ಹಾಕಿಕೊಂಡು, ಮಲಗಿದ್ದ ಮಗಳ ಹೊದಿಕೆ ಸರಿಮಾಡಿ, ಹಿತ್ತಲಿಗೆ ಬಂದ. ತಾತ ಹಲ್ಲುಜ್ಜುತ್ತಿದ್ದರು.

"ಅಪ್ಪ, ಸ್ಟೇಷನ್ನಿಗೆ ಹೊರಟೆ."

ತಾತ ಬಾಯಿ ಮುಕ್ಕಳಿಸಿ, ಮುಖ ಒರೆಸಿಕೊಂಡು, ಚಪ್ಪಲಿ ಮೆಟ್ಟಿದರು. ಅಜ್ಜಿ ಬಾಗಿಲಿಗೆ ಅಡ್ಡ ನಿಂತು ಮಗನ ತೋಳು ಹಿಡಿದಳು. ಸೊಸೆ ಬಂದು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನಿಮ್ಮ ಕಣ್ಣೇ ಅವನನ್ನ ಹಿಡಿದುಕೊಟ್ಟಿತು ಎಂದು ಅಜ್ಜಿ ಗಂಡನಿಗೆ ಹೇಳಿದಳು.

ಇಬ್ಬರೂ ಪಕ್ಕಪಕ್ಕದಲ್ಲೇ ನಡೆದರು. ಡಿಪೋದಿಂದ ಹೊರಬೀಳುತ್ತಿದ್ದ ಬಸ್ಸುಗಳ ಡ್ರೈವರುಗಳು ಮಗನನ್ನು ಕಂಡು ಹಾರನ್ನು ಒತ್ತಿ ಕೈ ಎತ್ತಿದರು. ಅವನೂ ಎತ್ತಿದ. ಸ್ಟೇಷನ್ನಿನಲ್ಲಿ ಬರೆದುಕೊಳ್ಳುವವನಿಗೆ ಎಲ್ಲವನ್ನೂ ಹೇಳಿದ: ಎಷ್ಟು ಜನ, ಸಲಾಕೆ ಎಲ್ಲಿಂದ ತಂದದ್ದು, ಯಾರು ತಂದದ್ದು, ತಾನು ಎಲ್ಲಿ ನಿಂತಿದ್ದು. ಬರೆದುಕೊಳ್ಳುವವನು ತಾತನ ಕಡೆ ತಿರುಗಿ, ನೀವು ಯಾರು, ಸಂಘದವರಾ ಎಂದ. ಇವನ ಅಪ್ಪ ಎಂದರು ತಾತ. ಒಳಗೆ ಕರೆದುಕೊಂಡು ಹೋಗುವಾಗ ಮಗ ತಿರುಗಿ ನೋಡಿದ. ಹೊತ್ತು ಹೊತ್ತಿಗೆ ಉಣ್ಣು ಎಂದು ತಾತ ಹೇಳಿದರು. ಒಂದು ತಿಂಗಳಲ್ಲಿ ಅವನಿಗೆ ಆಡಿದ ಮೊದಲ ಮಾತು ಅದು.

ಅಂದು ಮಧ್ಯಾಹ್ನ ಅಜ್ಜಿ ಗಂಜಿಗೆ ಅಕ್ಕಿ ಇಡಲಿಲ್ಲ. ತಾತ ತಾವೇ ಇಟ್ಟರು; ಗಂಟು ಗಂಟಾಯಿತು. ಸೊಸೆ ಎರಡು ಸಲ ಸೋಸಿ ಕೊಟ್ಟಳು.

ವಾರ್ಡಿನಲ್ಲಿ ಗಿಡ್ಡ ಹುಡುಗ ದಿಂಬಿಗೆ ಒರಗಿ ಕಾಯುತ್ತಿದ್ದ. ತಂತಿ ಬಿಚ್ಚಲು ಇನ್ನೂ ಒಂದು ವಾರವಿತ್ತು. ಇಷ್ಟು ದಿನದಲ್ಲಿ ಅವನು ಸೊರಗಿ, ಅವನ ದುಂಡುತನವೆಲ್ಲ ಇಳಿದುಹೋಗಿತ್ತು. ಕೊಳವೆಯಲ್ಲಿ ಎರಡು ಗುಟುಕು ಎಳೆದು, ಪುಸ್ತಕ ತೆಗೆದು, ಗುರುಗಳೇ ಇವತ್ತು ಅಡುಗೆಯವರು ಬೇರೆಯಾ ಎಂದು ಬರೆದ. ಕಣ್ಣಿನಲ್ಲಿ ತುಂಟತನವಿತ್ತು. ತಾತ ಪಾತ್ರೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿದರು. ಪೈಪು ಉರುಳಿಸಿದವರಲ್ಲಿ ತಮ್ಮ ಮಗನಿದ್ದನೆಂದೂ, ಅದು ತಮಗೆ ಒಂದು ತಿಂಗಳಿಂದ ಗೊತ್ತಿತ್ತೆಂದೂ, ಗೊತ್ತಿದ್ದೂ ದಿನಾ ಎರಡು ಹೊತ್ತು ಬಂದು ಇದೇ ಸ್ಟೂಲಿನ ಮೇಲೆ ಕೂತು ಹೋಗುತ್ತಿದ್ದುದಾಗಿಯೂ, ಮಗ ಈಗ ಸ್ಟೇಷನ್ನಿನಲ್ಲಿದ್ದಾನೆಂದೂ ಒಂದನ್ನೂ ಬಿಡದೆ ಹೇಳಿದರು. ಹೇಳುವಾಗ ಹುಡುಗನ ಮುಖ ನೋಡಲಾಗಲಿಲ್ಲ, ಹೊದಿಕೆಯ ಮೇಲಿದ್ದ ಅವನ ಕೈ ನೋಡಿದರು.

ಪಕ್ಕದ ಮಂಚದವರಿಗೆ ನರ್ಸು ಬಂದು ಮಾತ್ರೆ ಕೊಟ್ಟು ಹೋದಳು. ಕೊನೆಗೆ ಹುಡುಗ ಪೆನ್ಸಿಲು ಎತ್ತಿಕೊಂಡ. ಬರೆದು ತಾತನ ಕಡೆ ತಿರುಗಿಸಿದ. ಅವನಿಗೆ ಮಕ್ಕಳಿದ್ದಾರಾ ಎಂದಿತ್ತು.

"ಒಬ್ಬಳು ಮಗಳು," ಎಂದರು ತಾತ. "ಹನ್ನೊಂದು ವರ್ಷ."

ಹುಡುಗ ಮತ್ತೆ ಬರೆಯಲು ಹೋದ. ಒಂದಕ್ಷರ ಬರೆದು, ಹೊಡೆದುಹಾಕಿ, ಪೆನ್ಸಿಲನ್ನು ಪುಸ್ತಕದ ನಡುವೆ ಇಟ್ಟು ಮುಚ್ಚಿದ. ನೋವಿನಿಂದ ನಿಧಾನವಾಗಿ ಹೊರಳಿ ಗೋಡೆಯ ಕಡೆ ಮುಖ ಮಾಡಿದ. ಬೆನ್ನಿನ ಮೇಲೆ ಆಸ್ಪತ್ರೆಯ ಅಂಗಿಯ ದಾರ ಬಿಚ್ಚಿಕೊಂಡಿತ್ತು. ಭುಜದ ಮೂಳೆ ಏರಿ ಇಳಿಯುತ್ತಿತ್ತು. ತಾತ ಕೈ ಚಾಚಿ ಆ ದಾರ ಕಟ್ಟಬೇಕೆಂದುಕೊಂಡು, ಕೈಯನ್ನು ತಮ್ಮ ಮೊಣಕಾಲಿನ ಮೇಲೇ ಇಟ್ಟುಕೊಂಡರು. ಗಂಜಿ ಆರಿ ಮೇಲೆ ಕೆನೆ ಕಟ್ಟಿತು. ಭೇಟಿಯ ಹೊತ್ತು ಮುಗಿದ ಗಂಟೆ ಹೊಡೆಯುವವರೆಗೂ ಅವರು ಕೂತೇ ಇದ್ದರು. ಹುಡುಗ ತಿರುಗಲಿಲ್ಲ. ಎದ್ದು ಹೋಗಿ ಎಂದೂ ಬರೆಯಲಿಲ್ಲ.